ಸತ್ಯಾಂಶ: ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆಯೇ?

"ಅರಳಿ ಮರ 24 ಗಂಟೆಯೂ ಆಮ್ಲಜನಕ ಬಿಡುತ್ತದೆ, ರಾತ್ರಿ ಅದರ ಕೆಳಗೇ ಮಲಗಿ" ಅನ್ನೋ ಸಂದೇಶ ಮಂಡ್ಯದ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಬಂದಿದೆ. ಇದು ನಿಜವಲ್ಲ.

ಎಲೆ ನೀರನ್ನು ಒಡೆದಾಗ ಆಮ್ಲಜನಕ ಹೊರಬರುತ್ತದೆ. ಆ ಕೆಲಸಕ್ಕೆ ಬೆಳಕು ಬೇಕೇ ಬೇಕು. ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ 1779ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ಬೇಕಿದ್ದರೆ ನೀವೇ ನೋಡಿ. ಕೆರೆಯಲ್ಲಿ ಬೆಳೆಯುವ ಹೈಡ್ರಿಲಾ ಅನ್ನೋ ನೀರುಗಿಡದ ಕಡ್ಡಿಯೊಂದನ್ನು ಗಾಜಿನ ಲೋಟದ ನೀರಲ್ಲಿ ಮುಳುಗಿಸಿ ಬಿಸಿಲಿಗಿಡಿ. ಕತ್ತರಿಸಿದ ತುದಿಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಬಕೆಟ್ ಕವುಚಿ ಹಾಕಿ, ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತವೆ.

ಕತ್ತಲಲ್ಲಿ ಅರಳಿ ಮರವೂ ನಮ್ಮ ಹಾಗೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹಾಗಂತ ಸುಮ್ನೆ ಹೆದರಬೇಡಿ, ಬಯಲ ಗಾಳಿಯಲ್ಲಿ ಅದು ಚದುರಿಹೋಗುತ್ತದೆ. ಅರಳಿಕಟ್ಟೆ ಮೇಲೆ ಮಲಗಿದರೆ ಸೊಳ್ಳೆ ಕಾಟವೇ ಜಾಸ್ತಿ.