ವೈರಲ್ ಜ್ವರದಲ್ಲಿ ಬ್ಯಾಕ್ಟೀರಿಯಾ ಹುಡುಕಲು ರಕ್ತ ಪರೀಕ್ಷೆ: ನಂಬಬಹುದಾ?

ಫ್ಲೂ, ಡೆಂಗಿ, ಕೋವಿಡ್ ಮೂರೂ ವೈರಸ್ ಕಾಯಿಲೆಗಳು. ಆ್ಯಂಟಿಬಯಾಟಿಕ್‌ನಿಂದ ವೈರಸ್ಸಿಗೆ ಏನೂ ಆಗುವುದಿಲ್ಲ. ಆದರೆ ಅದರ ಬೆನ್ನಿಗೇ ಬ್ಯಾಕ್ಟೀರಿಯಾ ಕೂಡ ಸೇರಿಕೊಂಡಿದ್ದರೆ? ಇದನ್ನು ಪತ್ತೆ ಮಾಡಲು ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ಎಂಬ ರಕ್ತ ಪರೀಕ್ಷೆಗಳಿವೆ. ಸೋಂಕು, ಉರಿಯೂತ ಆದಾಗ ರಕ್ತದಲ್ಲಿ ಏರುವ ಎರಡು ವಸ್ತುಗಳನ್ನು ಇವು ಅಳೆಯುತ್ತವೆ. ಅವುಗಳ ಅಂಕಿ ನೋಡಿ ಆ್ಯಂಟಿಬಯಾಟಿಕ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸರಿಯಾ?

ಪರ: ಅಂದಾಜಿಗಿಂತ ಅಂಕಿ ವಾಸಿ

ಸಂಜೆ ಏಳು ಗಂಟೆಯ ಕ್ಲಿನಿಕ್. ಬೆಂಚಿನ ತುಂಬಾ ಜನ. ಒಳಗೆ ಮೂರು ದಿನದಿಂದ ಜ್ವರ ಇಳಿಯದ ಮಗು. ‘ಡಾಕ್ಟ್ರೇ, ಸಿರಪ್ ಕೊಟ್ರೆ ಇಳಿಯುತ್ತೆ, ರಾತ್ರಿ ಮತ್ತೆ ಏರುತ್ತೆ. ಸ್ವಲ್ಪ ಸ್ಟ್ರಾಂಗಾಗಿ ಏನಾದ್ರೂ ಬರ್ದುಕೊಡಿ’ ಎನ್ನುತ್ತಾರೆ ತಾಯಿ. ಇದು ಬಹುಶಃ ವೈರಲ್ ಎಂದು ವೈದ್ಯರಿಗೆ ಅನ್ನಿಸಿರುತ್ತದೆ. ಆದರೆ ಆ ‘ಬಹುಶಃ’ವನ್ನು ನಂಬಿ ಮಗುವನ್ನು ಹಾಗೇ ಮನೆಗೆ ಕಳಿಸುವುದು ಸುಲಭವಲ್ಲ. ನಾಳೆ ನ್ಯುಮೋನಿಯಾ ಆದರೆ ಯಾರು ಜವಾಬ್ದಾರಿ? ಚೀಟಿಯ ಕೊನೆಯಲ್ಲಿ ಅಜಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಸೇರಿಕೊಳ್ಳುತ್ತದೆ. ಅದು ಅಲ್ಲಿಗೆ ಬಂದದ್ದು ಕಾಯಿಲೆಗಾಗಿ ಅಲ್ಲ, ಭಯಕ್ಕಾಗಿ.

ಈ ಭಯ ದೊಡ್ಡ ಆಸ್ಪತ್ರೆಗಳನ್ನೂ ಬಿಡುವುದಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಬಿಡುಗಡೆ ಮಾಡಿತು. ಬ್ಯಾಕ್ಟೀರಿಯಾ ಸೋಂಕೂ ಇದ್ದದ್ದು ಶೇ 8ರಷ್ಟು ಜನರಿಗೆ ಮಾತ್ರ. ಆ್ಯಂಟಿಬಯಾಟಿಕ್ ತೆಗೆದುಕೊಂಡವರು ಸುಮಾರು ಶೇ 75! ಉಳಿದವರ ಹೊಟ್ಟೆಗೆ ಅಷ್ಟೂ ಔಷಧಿ ಸುಮ್ನೆ ಹೋಯಿತು. ಸುಮ್ನೆ ಅನ್ನುವುದೂ ತಪ್ಪೇ. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಎಂಬ ಅಂದಾಜಿದೆ. ಬೇಡದ ಒಂದೊಂದು ಕೋರ್ಸೂ ಅಂಥ ಬ್ಯಾಕ್ಟೀರಿಯಾವನ್ನು ಬೆಳೆಸುತ್ತದೆ.

ಹಾಗಾದರೆ ಕಲ್ಚರ್ (ಕಫವನ್ನೋ ರಕ್ತವನ್ನೋ ಲ್ಯಾಬಿನಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ ನೋಡಬಹುದಲ್ವಾ ಎನ್ನಬಹುದು. ಅದರ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಒಣಕೆಮ್ಮು ಇರುವವರಿಗೆ ಕಳಿಸಲು ಕಫವೇ ಬರುವುದಿಲ್ಲ. ಪ್ರೊಕ್ಯಾಲ್ಸಿಟೋನಿನ್ ನೆರವಾಗುವುದು ಇಲ್ಲಿಯೇ. ಆರೋಗ್ಯವಂತರಲ್ಲಿ ಇದು ಹೆಚ್ಚಾಗಿ ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುತ್ತದೆ, ರಕ್ತದಲ್ಲಿ ಕಾಣುವುದೇ ಅಪರೂಪ. ಬ್ಯಾಕ್ಟೀರಿಯಾ ಹಬ್ಬಿದಾಗ ದೇಹದ ಬೇರೆ ಬೇರೆ ಅಂಗಗಳೂ ಅದನ್ನು ತಯಾರಿಸಲು ಶುರು ಮಾಡುತ್ತವೆ. ಕೆಲವೇ ಗಂಟೆಗಳಲ್ಲಿ ಅಂಕಿ ಏರುತ್ತದೆ. ವೈರಸ್ ಸೋಂಕಿನಲ್ಲಿ ದೇಹ ಬಿಡುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನ್ ಈ ಏರಿಕೆಯನ್ನು ತಡೆಹಿಡಿಯುತ್ತದೆ. ಎರಡರ ನಡುವೆ ದೇಹವೇ ಹಾಕಿಕೊಟ್ಟ ಗೆರೆ ಇದು. ಶ್ವಾಸಕೋಶದ ಸೋಂಕಿನಲ್ಲಿ ಒಂದು ಮಿಲಿಲೀಟರಿಗೆ 0.25 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಕಡಿಮೆ ಎನ್ನುವುದು ಸಾಮಾನ್ಯ ಲೆಕ್ಕ.

ಸ್ವಿಟ್ಜರ್ಲೆಂಡಿನ ಆರು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಫಲಿತಾಂಶ 2009ರಲ್ಲಿ ಬಂತು. ಶ್ವಾಸಕೋಶದ ಸೋಂಕಿನ 1,359 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಈ ಅಂಕಿ ನೋಡಿ ಔಷಧಿ ಕೊಟ್ಟರು. ಆ್ಯಂಟಿಬಯಾಟಿಕ್ ತೆಗೆದುಕೊಂಡ ಅವಧಿ ಸರಾಸರಿ 8.7 ದಿನದಿಂದ 5.7 ದಿನಕ್ಕೆ ಇಳಿಯಿತು. ರೋಗಿಗಳಿಗೆ ಅದರಿಂದ ತೊಂದರೆ ಹೆಚ್ಚಲಿಲ್ಲ. ‘ಅದು ಶ್ರೀಮಂತ ದೇಶ’ ಎನ್ನುವವರಿಗೆ ವಿಯೆಟ್ನಾಂ ಇದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಿನಿಂದ ಹನಿ ರಕ್ತ ತೆಗೆದು ಕೂತಲ್ಲೇ ಸಿಆರ್‌ಪಿ ನೋಡಿದರು. ಆ್ಯಂಟಿಬಯಾಟಿಕ್ ಪಡೆದವರು ಶೇ 78ರಿಂದ ಶೇ 64ಕ್ಕೆ ಇಳಿದರು. ಇದು 2016ರಲ್ಲಿ ಪ್ರಕಟವಾದ ಅಧ್ಯಯನ.

ಇನ್ನೊಂದು ಉಪಯೋಗವೂ ಇದೆ. ಶುರು ಮಾಡಿದ ಔಷಧಿಯನ್ನು ಯಾವಾಗ ನಿಲ್ಲಿಸಬೇಕು ಎಂದು ತಿಳಿಯುವುದು. ಸೋಂಕು ಹಿಡಿತಕ್ಕೆ ಬಂದರೆ ಪ್ರೊಕ್ಯಾಲ್ಸಿಟೋನಿನ್ ಸುಮಾರು ದಿನಕ್ಕೆ ಅರ್ಧದಂತೆ ಇಳಿಯುತ್ತದೆ. ನಂಜಿನ (ಸೆಪ್ಸಿಸ್) ಚಿಕಿತ್ಸೆಗೆಂದು 2021ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ನಿಲ್ಲಿಸುವಾಗ ಈ ಪರೀಕ್ಷೆಯ ನೆರವು ಪಡೆಯಲು ಹೇಳುತ್ತದೆ.

ಯಾವ ಪರೀಕ್ಷೆಯೂ ಪೂರ್ತಿ ಸರಿ ಇರುವುದಿಲ್ಲ, ಒಪ್ಪಿದೆ. ಈಗ ನಡೆಯುತ್ತಿರುವ ಅಂದಾಜಿನ ಔಷಧಿ ಎಷ್ಟು ಸರಿ ಇದೆ ಹೇಳಿ? ‘ನೋಡಿಮ್ಮಾ, ಸಿಆರ್‌ಪಿ ಬರೀ ಆರು ಇದೆ, ಆ್ಯಂಟಿಬಯಾಟಿಕ್ ಬೇಡ, ಎರಡು ದಿನ ಬಿಟ್ಟು ಬನ್ನಿ’ ಎಂದು ಕಾಗದ ತೋರಿಸಿ ಹೇಳಿದರೆ ತಾಯಿಗೂ ಸಮಾಧಾನ, ವೈದ್ಯರಿಗೂ ಧೈರ್ಯ.

ವಿರೋಧ: ಜಾಸ್ತಿ ಬಂದರೆ ಏನು ಮಾಡುತ್ತೀರಿ?

ಸಿಆರ್‌ಪಿ ಆರು ಬಂದ ಮಗುವಿನ ಕತೆ ಚೆನ್ನಾಗಿದೆ. ಅರವತ್ತು ಬಂದಿದ್ದರೆ?

ಮನೆಯ ನಾಯಿ ಕಳ್ಳ ಬಂದರೂ ಬೊಗಳುತ್ತದೆ, ನೆಂಟರು ಬಂದರೂ ಬೊಗಳುತ್ತದೆ. ಸಿಆರ್‌ಪಿ ಇರುವುದೂ ಹಾಗೆಯೇ. ಮೈಯಲ್ಲಿ ಉರಿಯೂತ ಇದೆ ಎಂದಷ್ಟೇ ಅದಕ್ಕೆ ಗೊತ್ತು. ನೆಗಡಿ, ಜ್ವರ ತರುವ ಅಡಿನೊವೈರಸ್ ತಗುಲಿದ ಮಕ್ಕಳಲ್ಲಿ ಅದು ಚೆನ್ನಾಗಿಯೇ ಏರುತ್ತದೆ. ಕೋವಿಡ್ ಜೋರಾದವರಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದೆ ನೂರು ದಾಟಿದ್ದನ್ನು ನಮ್ಮ ವೈದ್ಯರೆಲ್ಲ ಕಂಡಿದ್ದಾರೆ. ಇನ್ನು ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಎಂಬ ಔಷಧಿ ಕೊಟ್ಟ ರೋಗಿಯಲ್ಲಿ ಸಿಆರ್‌ಪಿ ಏಳುವುದೇ ಇಲ್ಲ. ಬ್ಯಾಕ್ಟೀರಿಯಾ ಬಂದು ಕೂತರೂ ಅಂಕಿ ತಣ್ಣಗಿರುತ್ತದೆ.

ಪ್ರೊಕ್ಯಾಲ್ಸಿಟೋನಿನ್ ಅದಕ್ಕಿಂತ ವಾಸಿ, ಆದರೆ ಕೈಕೊಡುವುದು ಸರಿಯಾಗಿ ಬೇಕಾದಾಗಲೇ. ಐಸಿಯುನಲ್ಲಿ ಕೋವಿಡ್ ರೋಗಿ ಇದ್ದಾರೆ ಎಂದುಕೊಳ್ಳಿ. ಹತ್ತನೇ ದಿನ ಮೂತ್ರ ಕಡಿಮೆಯಾಗಿದೆ, ಕಿಡ್ನಿಯ ಕೆಲಸ ಕುಂದಿದಾಗ ಹೆಚ್ಚುವ ಕ್ರಿಯಾಟಿನಿನ್ ಏರಿದೆ, ಪ್ರೊಕ್ಯಾಲ್ಸಿಟೋನಿನ್ 2 ಬಂದಿದೆ. ಹೊಸ ಬ್ಯಾಕ್ಟೀರಿಯಾ ಬಂತಾ? ಕಿಡ್ನಿ ಕೈಕೊಟ್ಟಿದ್ದಕ್ಕೆ ಏರಿತಾ? ವೈರಸ್ಸೇ ಇಷ್ಟು ಜೋರಾಗಿದೆಯಾ? ಮೂರಕ್ಕೂ ಅದೇ 2 ಬರಬಹುದು. ವೈದ್ಯರು ಕೊನೆಗೆ ರೋಗಿಯ ಪಕ್ಕ ನಿಂತೇ ಯೋಚಿಸಬೇಕು, ಪರೀಕ್ಷೆಗೆ ಮೊದಲು ಮಾಡಬೇಕಿದ್ದದ್ದೂ ಅದನ್ನೇ.

ಸ್ವಿಸ್ ಲೆಕ್ಕ ಹೇಳಿದವರು ಅಮೆರಿಕದ ಲೆಕ್ಕ ಬಿಟ್ಟಿದ್ದಾರೆ. ಅಲ್ಲಿನ 14 ಆಸ್ಪತ್ರೆಗಳಲ್ಲಿ 1,656 ರೋಗಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಬಂತು. ಪರೀಕ್ಷೆ ಬಳಸಿದವರಲ್ಲಿ ಸರಾಸರಿ 4.2 ದಿನ ಆ್ಯಂಟಿಬಯಾಟಿಕ್, ಬಳಸದವರಲ್ಲಿ 4.3 ದಿನ. ಮೊದಲೇ ಹಿಡಿತದಿಂದ ಔಷಧಿ ಬರೆಯುವ ಕಡೆ ಈ ಅಂಕಿಯಿಂದ ಹೊಸದೇನೂ ಸಿಗಲಿಲ್ಲ. ಮರುವರ್ಷ ಅಲ್ಲಿನ ತಜ್ಞರ ಸಂಘಗಳು ತಂದ ನ್ಯುಮೋನಿಯಾ ಮಾರ್ಗಸೂಚಿ ಇನ್ನೂ ನೇರವಾಗಿತ್ತು. ನ್ಯುಮೋನಿಯಾ ಖಚಿತವಾದರೆ ಪ್ರೊಕ್ಯಾಲ್ಸಿಟೋನಿನ್ ಎಷ್ಟೇ ಇರಲಿ, ಆ್ಯಂಟಿಬಯಾಟಿಕ್ ಶುರು ಮಾಡಿ ಎಂದಿತು. ಪರ ವಾದಿಸಿದವರು ಹೆಸರಿಸಿದ 2021ರ ನಂಜಿನ ಮಾರ್ಗಸೂಚಿಯೂ ಔಷಧಿ ಶುರು ಮಾಡಲು ಈ ಪರೀಕ್ಷೆ ಬೇಡ ಎನ್ನುತ್ತದೆ. ಆ ಅರ್ಧ ಅವರ ಬರಹದಲ್ಲಿ ಕಾಣಲಿಲ್ಲ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. 1918ರ ಫ್ಲೂನಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ. ಸೋಂಕು ಹತ್ತಿದ ಮೊದಲ ಗಂಟೆಗಳಲ್ಲಿ ಅಂಕಿ ಇನ್ನೂ ಕೆಳಗೇ ಇರುತ್ತದೆ. ಆಗ ರಿಪೋರ್ಟ್ ನಂಬಿ ಮನೆಗೆ ಕಳಿಸಿದರೆ ಮರುದಿನ ಆ ರೋಗಿ ಯಾವ ಸ್ಥಿತಿಯಲ್ಲಿ ಬರುತ್ತಾರೆ?

ನಮ್ಮ ಊರುಗಳ ಮಾತಿಗೆ ಬರೋಣ. ಇಲ್ಲಿ ಜ್ವರ ಅಂದರೆ ಬರೀ ವೈರಸ್ಸೋ ನ್ಯುಮೋನಿಯಾನೋ ಅಲ್ಲ. ಮಳೆಗಾಲದಲ್ಲಿ ಕರಾವಳಿಯಲ್ಲಿ ಇಲಿಜ್ವರ ಇದೆ, ಮಲೇರಿಯಾ ಇದೆ, ಹಲವು ಕಡೆ ಸ್ಕ್ರಬ್ ಟೈಫಸ್ ಇದೆ. ಮಲೇರಿಯಾ ಬ್ಯಾಕ್ಟೀರಿಯಾ ಅಲ್ಲ, ಆದರೂ ಪ್ರೊಕ್ಯಾಲ್ಸಿಟೋನಿನ್ ಏರಿಸುತ್ತದೆ. ಸ್ಕ್ರಬ್ ಟೈಫಸ್ ಬ್ಯಾಕ್ಟೀರಿಯಾದಿಂದಲೇ ಬರುತ್ತದೆ, ಆದರೆ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಹಾಕುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಅದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಬೇಕು. ಅಂಕಿ ‘ಬ್ಯಾಕ್ಟೀರಿಯಾ ಇರಬಹುದು’ ಎಂದೀತು, ಯಾವುದು ಎನ್ನುವುದಿಲ್ಲ. ಕಂಕುಳಿನಲ್ಲೋ ತೊಡೆಸಂದಿನಲ್ಲೋ ಇರುವ, ಈ ರೋಗ ಹರಡುವ ಚಿಗರ್ ಎಂಬ ಪುಟ್ಟ ಹುಳು ಕಚ್ಚಿದ ಜಾಗದ ಕಪ್ಪು ಹಕ್ಕಳೆ ಅದನ್ನು ಹೇಳುತ್ತದೆ. ಅದು ಸಿಗುವುದು ಅಂಗಿ ತೆಗೆಸಿ ಹುಡುಕಿದವರಿಗೆ. ರಿಪೋರ್ಟ್ ಬಂತಲ್ಲ ಎಂದು ಆ ಎರಡು ನಿಮಿಷ ಉಳಿಸಿದರೆ ರೋಗಿಗೆ ನಾಲ್ಕು ದಿನ ತಪ್ಪು ಔಷಧಿ.

ಹಣದ ಮಾತೂ ಇದೆ. ಸಿಆರ್‌ಪಿಗೆ ಕೆಲವು ನೂರು ರೂಪಾಯಿ, ಪ್ರೊಕ್ಯಾಲ್ಸಿಟೋನಿನ್‌ಗೆ ಸಾವಿರಗಳ ಲೆಕ್ಕ. ಲ್ಯಾಬುಗಳು ‘ಫೀವರ್ ಪ್ಯಾಕೇಜ್’ ಎಂದು ಸಿಬಿಸಿ (ರಕ್ತಕಣಗಳ ಎಣಿಕೆ), ವಿಡಾಲ್ (ಟೈಫಾಯ್ಡ್ ಪರೀಕ್ಷೆ), ಸಿಆರ್‌ಪಿ ಎಲ್ಲ ಸೇರಿಸಿ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತವೆ. ಸಂಜೆ ವಾಟ್ಸ್ಆ್ಯಪ್‌ಗೆ ಪಿಡಿಎಫ್. ಸಿಆರ್‌ಪಿ 38 ಎದುರು ದಪ್ಪ ಅಕ್ಷರದಲ್ಲಿ ‘ಹೈ’. ಅದನ್ನು ಮೆಡಿಕಲ್ ಶಾಪಿನವರಿಗೆ ತೋರಿಸಿದರೆ ಅವರು ಏನು ಕೊಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ವಿಯೆಟ್ನಾಂನಲ್ಲಿ ಯಾವ ಅಂಕಿಗೆ ಏನು ಮಾಡಬೇಕು ಎಂದು ವೈದ್ಯರಿಗೆ ಮೊದಲೇ ತಿಳಿಸಿಕೊಟ್ಟಿದ್ದರು. ಇಲ್ಲಿ ಆ ಭಾಗ ಬಿಟ್ಟು ಬರೀ ಪರೀಕ್ಷೆಯನ್ನು ತಂದಿದ್ದೇವೆ. ಆ್ಯಂಟಿಬಯಾಟಿಕ್ ಕಡಿಮೆ ಮಾಡಲು ಬಂದ ಅಂಕಿಯೇ ಅದನ್ನು ಕೊಳ್ಳಲು ನೆಪವಾಗಿದೆ.

ಐಸಿಯುನಲ್ಲಿ ಔಷಧಿ ನಿಲ್ಲಿಸಲು ಪ್ರೊಕ್ಯಾಲ್ಸಿಟೋನಿನ್ ನೋಡುತ್ತೀರಾ, ನೋಡಿ, ತಕರಾರಿಲ್ಲ. ಬ್ರಿಟನ್ನಿನ ಐಸಿಯುಗಳಲ್ಲಿ ನಡೆದು 2024ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಅದರಿಂದ ಉಳಿತಾಯವಾದ ಆ್ಯಂಟಿಬಯಾಟಿಕ್ ಒಂದು ದಿನದ್ದಕ್ಕಿಂತ ಕಡಿಮೆ, ಸಿಆರ್‌ಪಿಯಿಂದ ಏನೂ ಉಳಿಯಲಿಲ್ಲ. ಅಷ್ಟು ಲಾಭ ಅಲ್ಲಿಗೆ ಸಾಕು. ಆದರೆ ಕ್ಲಿನಿಕ್ಕಿನ ಆ ಮಗುವಿಗೆ ಮೊದಲು ಬೇಕಾದದ್ದು ಬೇರೆ. ನಿಮಿಷಕ್ಕೆ ಎಷ್ಟು ಉಸಿರು ಎಣಿಸಬೇಕು, ಕಿವಿ ಗಂಟಲು ನೋಡಬೇಕು, ನೀರು ಕುಡಿಯುತ್ತಿದೆಯಾ ಕೇಳಬೇಕು. ನಾಡಿದ್ದು ಮತ್ತೆ ಕರೆತರಲು ಹೇಳಬೇಕು, ಆ ಎರಡನೇ ಭೇಟಿಗೆ ಫೀಸು ತೆಗೆದುಕೊಳ್ಳದಿದ್ದರೆ ಅವರು ಖಂಡಿತ ಬರುತ್ತಾರೆ.