ಇನ್‌ವ್ಯಾಲಿಡ್ ಫಾರ್ಮ್ಯಾಟ್, ಅಂಕಲ್!

ಬೆಳೆ ಪರಿಹಾರದ ಅರ್ಜಿಗೆ ಕಂಪ್ಯೂಟರಿನಲ್ಲಿ ಕಾಗದಪತ್ರ ಹಾಕುವಾಗ ಬರುವ ಕೆಂಪು ಅಕ್ಷರದ ಆ ಸಾಲು ನಿಮಗೂ ಪರಿಚಯ ಇದ್ದೇ ಇರುತ್ತದೆ. 'ಇನ್‌ವ್ಯಾಲಿಡ್ ಫೈಲ್ ಫಾರ್ಮ್ಯಾಟ್.' ಈಗ ಅದಕ್ಕೊಂದು ಬಾಲವೂ ಬಂದಿದೆ. ಕಡತ ಪಿಡಿಎಫ್/ಎ ಆಗಿರಬೇಕಂತೆ, ಫಾಂಟ್ (ಅಕ್ಷರದ ಅಚ್ಚು) ಕಡತದೊಳಗೇ ಎಂಬೆಡ್ ಆಗಿರಬೇಕಂತೆ, ಪಾಸ್‌ವರ್ಡ್ ಇರಬಾರದಂತೆ, 200 ಕೆಬಿ ದಾಟಬಾರದಂತೆ. ಕೊಳೆರೋಗ ಬಂದು ಕಾಫಿ ಕಾಯಿ ಉದುರಿತು, ಏನಾದರೂ ಪರಿಹಾರ ಕೊಡಿ ಅಂತ ಹೋದವನಿಗೆ ಈ ಪ್ರಶ್ನೆಪತ್ರಿಕೆ.

ಕೊಡಗಿನವರಿಗೆ ಅಳತೆ ಗೊತ್ತಿಲ್ಲ ಅಂತಲ್ಲ. ಮಳೆಯನ್ನು ಇವತ್ತಿಗೂ ಇಂಚಿನಲ್ಲೇ ಹೇಳುವವರು ನಾವು. ಜುಲೈನಲ್ಲಿ ನೆಂಟರಿಗೆ ಫೋನ್ ಮಾಡಿದರೆ ಆರೋಗ್ಯ ಆಮೇಲೆ, ಮೊದಲು 'ನಿಮ್ಮ ಕಡೆ ಎಷ್ಟು ಇಂಚು?' ಹವಾಮಾನದವರು ಮಿಲಿಮೀಟರ್ ಅಂದರೆ ಮನಸ್ಸಿನಲ್ಲೇ 25ರಿಂದ ಭಾಗಿಸಿಕೊಂಡು, ಓ ಅಷ್ಟೇನಾ, ನಮ್ಮಲ್ಲಿ ಜಾಸ್ತಿ ಬಂತು ಅನ್ನುತ್ತೇವೆ. ಪಕ್ಕದ ತೋಟದವನಿಗಿಂತ ಅರ್ಧ ಇಂಚಾದರೂ ಜಾಸ್ತಿ ಬರಲೇಬೇಕು, ಅದು ಮರ್ಯಾದೆ ಪ್ರಶ್ನೆ. ಅಜ್ಜನ ಮಳೆ ಲೆಕ್ಕದ ಪುಸ್ತಕ ಇನ್ನೂ ಎಷ್ಟೋ ಮನೆಗಳಲ್ಲಿದೆ. ಶಾಯಿ ಸ್ವಲ್ಪ ಹರಡಿದೆ, ಮೂಲೆಯನ್ನು ಗೆದ್ದಲು ತಿಂದಿದೆ, ಆದರೂ ಓದಬಹುದು. ಫಾಂಟ್ ಎಂಬೆಡ್ ಮಾಡದೆಯೇ!

ಇರಲಿ, ಕೆಬಿಗೆ ಬರೋಣ. ಒಂದು ಎ-ಫೋರ್ ಹಾಳೆಯನ್ನು 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕೆ. ಒಟ್ಟು ಸುಮಾರು 87 ಲಕ್ಷ. ಬಣ್ಣದಲ್ಲಿ ತೆಗೆದರೆ ಪ್ರತಿ ಚುಕ್ಕೆಗೂ ಮೂರು ಬೈಟ್, ಅಂದರೆ ಒಂದೇ ಹಾಳೆಗೆ 26 ಎಂಬಿ. ಅದನ್ನು 200 ಕೆಬಿಗೆ ಇಳಿಸಬೇಕಾದರೆ 130ರಲ್ಲಿ ಒಂದು ಪಾಲು ಮಾಡಬೇಕು. ಅದೂ ಒಂದು ಹಾಳೆಯಾದರೆ! ಜಮ್ಮಾ ಬಾಣೆಯ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿ ಒಂದು ಹಾಳೆಗೆ ಮುಗಿಯುತ್ತದಾ? ತೀರಿಹೋಗಿ ಎರಡು ತಲೆಮಾರಾದ ಪಟ್ಟೇದಾರನಿಂದ (ಮನೆತನದ ಯಜಮಾನನಿಂದ) ಶುರುವಾಗಿ ಇಡೀ ಒಕ್ಕವೇ, ಅಂದರೆ ಮನೆತನವೇ, ಅದರಲ್ಲಿ ಸಾಲಾಗಿ ನಿಂತಿರುತ್ತದೆ.

ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಕ್ಷರವೂ ಚೆನ್ನಾಗಿ ಬರುತ್ತದೆ, ಸೈಜೂ ತಾನಾಗಿ ಇಳಿಯುತ್ತದೆ. ಇದನ್ನು ಆ ಕೆಂಪು ಸಾಲಿನ ಕೆಳಗೆ ಬರೆದರೆ ಯಾರ ಗಂಟು ಹೋಗುತ್ತಿತ್ತು? ಬರೆದಿಲ್ಲ. ಹಾಗಾಗಿ ಗೋಣಿಕೊಪ್ಪಲಿನ ಜೆರಾಕ್ಸ್ ಅಂಗಡಿಯಲ್ಲಿ ಹುಡುಗ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಯಾವುದೋ ಬಿಟ್ಟಿ ವೆಬ್‌ಸೈಟಿಗೆ ನಿಮ್ಮ ಆಧಾರ್, ಪಾಸ್‌ಬುಕ್, ಪಹಣಿ ಎಲ್ಲ ಹಾಕಿ, 'ಕಂಪ್ರೆಸ್' ಒತ್ತುತ್ತಾನೆ. 340 ಕೆಬಿ. ಮತ್ತೆ ಒತ್ತುತ್ತಾನೆ. 212. ಮತ್ತೆ. 196! 'ಆಯ್ತು ಅಂಕಲ್.' ಆಗುವಷ್ಟರಲ್ಲಿ ಸರ್ವೆ ನಂಬರಿನ 3 ಯಾವುದು, 8 ಯಾವುದು ಅಂತ ಬ್ರಹ್ಮನಿಗೂ ತಿಳಿಯದು.

ಜೆರಾಕ್ಸ್ ಅಂದಾಗ ನೆನಪಾಯಿತು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವವರು ಒಂದು ಮನೆಯ ನಕ್ಷೆ ಸ್ಕ್ಯಾನ್ ಮಾಡಿ ನೋಡಿದರೆ, ಬೇರೆ ಬೇರೆ ಅಳತೆಯ ಕೋಣೆಗಳಿಗೆಲ್ಲ ಒಂದೇ ವಿಸ್ತೀರ್ಣ ಬಂದಿತ್ತು. ಸೈಜು ಇಳಿಸುವ ಭರದಲ್ಲಿ ಯಂತ್ರವೇ ಒಂದೇ ಥರ ಕಾಣುವ ಅಂಕಿಗಳನ್ನು ಒಂದರ ಬದಲು ಇನ್ನೊಂದು ಇಟ್ಟಿತ್ತು. 6 ಇದ್ದ ಕಡೆ 8. ಮಸುಕಾಗಿಯೂ ಅಲ್ಲ, ಅಚ್ಚುಕಟ್ಟಾಗಿ! ಯಂತ್ರ ಸಾಕ್ಷಾತ್ ಜೆರಾಕ್ಸ್ ಕಂಪನಿಯದ್ದೇ. ಅವರೇನೋ ಗಾಬರಿ ಬಿದ್ದರು. ನಮ್ಮಲ್ಲಾಗಿದ್ದರೆ ಆರು ಎಕರೆ ಎಂಟಾಗಿದೆ ಅಂತ ಯಾರು ದೂರು ಕೊಡುತ್ತಿದ್ದರು? ಎಂಟು ಆರಾದವನು ಮಾತ್ರ ಕೋರ್ಟಿಗೆ ಹೋಗುತ್ತಿದ್ದ, ಅವನ ಮೊಮ್ಮಗ ಇನ್ನೂ ವಾಯಿದೆಗೆ ಅಲೆಯುತ್ತಿದ್ದ.

ಇನ್ನು ಪಿಡಿಎಫ್/ಎ. ಇದೇನು ಸಾರ್ ಅಂತ ಕೌಂಟರಿನಲ್ಲಿ ಕೇಳಿ ನೋಡಿ. 'ಎ-ಫೋರ್ ಸೈಜ್ ಅಲ್ವಾ' ಅನ್ನುತ್ತಾರೆ. ಪಾಪ, ಅವರಿಗೂ ಯಾರೂ ಹೇಳಿಲ್ಲ. ಅದು 2005ರಲ್ಲಿ ಬಂದ ಐಎಸ್‌ಒ 19005 ಅನ್ನುವ ಮಾನದಂಡ. ಕಡತ ಐವತ್ತು ವರ್ಷದ ಮೇಲೂ ಹಾಗೇ ತೆರೆಯಬೇಕು, ಅದಕ್ಕೆ ಬೇಕಾದ ಫಾಂಟ್ ಅದರೊಳಗೇ ಇರಬೇಕು, ಬೀಗ ಇರಬಾರದು ಅನ್ನುವ ಒಳ್ಳೆಯ ಉದ್ದೇಶದ್ದು. ದಾಖಲೆ ಕೋಣೆಗೆ ಮಾಡಿದ ನಿಯಮ. ಅದನ್ನು ತಂದು ಸ್ಕ್ಯಾನ್ ಮಾಡಿದ ಕಾಗದಕ್ಕೆ ಹಚ್ಚಿದ್ದಾರೆ. ಸ್ಕ್ಯಾನ್ ಅಂದರೆ ಫೋಟೋ, ಅದರಲ್ಲಿ ಫಾಂಟೇ ಇರುವುದಿಲ್ಲ ಮಾರಾಯ್ರೇ, ಎಂಬೆಡ್ ಮಾಡೋದು ಏನನ್ನ?

ಬೀಗದ ಕಥೆ ಇನ್ನೂ ಚೆಂದ. ಇ-ಆಧಾರ್ ಡೌನ್‌ಲೋಡ್ ಮಾಡಿದರೆ ಪಾಸ್‌ವರ್ಡ್ ಹಾಕಿಯೇ ಬರುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ವರ್ಷ. ನಮ್ಮ ಕಡೆ ಹೆಸರಿಗೆ ಮುಂಚೆ ಮನೆಪೆದ, ಅಂದರೆ ಮನೆತನದ ಹೆಸರು, ಅದನ್ನು ಒಬ್ಬ ಪೂರ್ತಿ ಬರೆಸಿರುತ್ತಾನೆ, ಅವನ ತಮ್ಮ ಇನಿಷಿಯಲ್ ಮಾಡಿ ಚುಕ್ಕೆ ಇಡಿಸಿರುತ್ತಾನೆ. ಆ ಚುಕ್ಕೆಯೂ ನಾಲ್ಕರಲ್ಲಿ ಒಂದು! ಹೇಗೋ ತೆರೆದರೆ ಒಳಗೆ ಡಿಜಿಟಲ್ ಸಹಿ, ಅದರ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ. ಸಹಿ ಸುಳ್ಳು ಅಂತಲ್ಲ, ಸಹಿ ಮಾಡಿದವರ ಪ್ರಮಾಣಪತ್ರವನ್ನು ನಂಬು ಅಂತ ಆ ಕಂಪ್ಯೂಟರಿಗೆ ಯಾರೂ ಹೇಳಿಲ್ಲ ಅಂತ ಅಷ್ಟೇ. ಈಗ ಅರ್ಜಿಗೆ ಪಾಸ್‌ವರ್ಡ್ ಇರುವ ಕಡತ ಆಗುವುದಿಲ್ಲ. ಸರಿ, ಪ್ರಿಂಟ್ ತೆಗೆಯಿರಿ, ಸ್ಕ್ಯಾನ್ ಮಾಡಿ. ಡಿಜಿಟಲ್ ಸಹಿ ಇರುವುದು ಕಡತದ ಬೈಟುಗಳಲ್ಲಿ, ಪ್ರಿಂಟ್ ಮಾಡಿದ ಕ್ಷಣ ಅದು ಸತ್ತಿತು, ಕಾಗದದ ಮೇಲೆ ಉಳಿದದ್ದು ಪ್ರಶ್ನಾರ್ಥಕ ಚಿಹ್ನೆಯ ಚಿತ್ರ. ಅದರ ಕೆಳಗೆ ಗೆಜೆಟೆಡ್ ಆಫೀಸರ್ ಹಸಿರು ಶಾಯಿಯಲ್ಲಿ ಸಹಿ ಹಾಕಿ ಇದು ನಿಜ ಅನ್ನಬೇಕು. ಶಹಬ್ಬಾಸ್! ಯಂತ್ರದಿಂದ ಒಂದೇ ಕ್ಷಣದಲ್ಲಿ ಪರೀಕ್ಷಿಸಬಹುದಾದ ಸಹಿಯನ್ನು ಕೊಂದು, ಅದರ ಫೋಟೋಗೆ ದೃಢೀಕರಣ ಮಾಡಿಸುವ ಬುದ್ಧಿ ಬೇರೆ ಯಾರಿಗೆ ಬರಬೇಕು?

ಇಷ್ಟೆಲ್ಲ ನಮಗೆ ಬುದ್ಧಿ ಹೇಳುವವರ ಪ್ರಕಟಣೆ ಹೇಗಿರುತ್ತದೆ ಗೊತ್ತಲ್ಲ? ಕಂಪ್ಯೂಟರಿನಲ್ಲೇ ಟೈಪ್ ಮಾಡಿ, ಪ್ರಿಂಟ್ ಹಾಕಿ, ಸೀಲು ಒತ್ತಿ, ವಾರೆಯಾಗಿ ಸ್ಕ್ಯಾನ್ ಮಾಡಿದ 14 ಎಂಬಿ ಕಡತ. ಅಪರೂಪಕ್ಕೆ ನೇರ ಪಿಡಿಎಫ್ ಹಾಕಿದರೆ ಅದು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ. ಅದರಿಂದ 'ಕೊಡಗು' ಅನ್ನುವ ಪದವನ್ನು ಕಾಪಿ ಮಾಡಿ ಅಂಟಿಸಿ ನೋಡಿ: ಒಂದು ಪಿ, ನೆತ್ತಿಯ ಮೇಲೆ ಗೀಟು ಇರುವ ಇ, ಒಂದಕ್ಕೊಂದು ಅಂಟಿದ ಎ-ಇ, ಆಮೇಲೆ ಕ್ಯು, ಮುಂದೆ ಇನ್ನೇನೇನೋ. 'ಕನ್ನಡ' ಅಂಟಿಸಿದರೆ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಬರುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಅಡೋಬಿ ಕಂಪನಿಯ ಜಾನ್ ವಾರ್ನಾಕ್, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ಥರ ಕಾಣುವ ಕಡತ ಬೇಕು ಅಂತ ಪಿಡಿಎಫ್‌ಗೆ ದಾರಿ ಹಾಕಿದ್ದೂ ಅದೇ ವರ್ಷ. ನಮ್ಮ ಕಚೇರಿಗೆ ಎರಡೂ ಇನ್ನೂ ತಲುಪಿಲ್ಲ, ಬಹುಶಃ ಸಂಪಾಜೆ ಘಾಟಿಯಲ್ಲಿ ಗುಡ್ಡ ಜರಿದಿರಬೇಕು.

ನಗು ಬರುತ್ತದೆ, ಸರಿ. ಆದರೆ ಕಣ್ಣು ಕಾಣದವರ ಕಂಪ್ಯೂಟರ್ ಈ ಪ್ರಕಟಣೆಯನ್ನು ಓದಿ ಹೇಳಲು ಹೊರಟರೆ ಅದಕ್ಕೆ ಸಿಗುವುದು ಒಂದೋ ಆ ಕಸ, ಇಲ್ಲವೇ ಏನೂ ಇಲ್ಲ. ಅಂಥವರಿಗಾಗಿಯೇ 2012ರಲ್ಲಿ ಪಿಡಿಎಫ್/ಯುಎ ಅಂತ ಮಾನದಂಡ ಬಂದಿದೆ. ಅದನ್ನು ಯಾವ ಕೆಂಪು ಸಾಲೂ ಕೇಳುವುದಿಲ್ಲ, ಯಾಕೆಂದರೆ ಅದನ್ನು ಪಾಲಿಸಬೇಕಾದವರು ಅವರು.

ಹೋಗಲಿ, ಒಂದು ಮಾತು ಹೇಳಿ. ಪಹಣಿ ಇರುವುದು ಎಲ್ಲಿ? ಸರ್ಕಾರದ ಕಂಪ್ಯೂಟರಿನಲ್ಲಿ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆ ಶುರುವಾಗಿ ಕಾಲು ಶತಮಾನ ಆಯಿತು. ಆಧಾರ್ ಯಾರದ್ದು? ಅವರದ್ದೇ. ಸರ್ವೆ ನಂಬರ್ ಒತ್ತಿದರೆ ಅವರ ಪರದೆ ಮೇಲೇ ಬರುವ ಕಾಗದವನ್ನು ನಾವು ದುಡ್ಡು ಕೊಟ್ಟು ತೆಗೆದು, ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸಿ, ದುಡ್ಡು ಕೊಟ್ಟು ಕುಗ್ಗಿಸಿ, ಓದಲಿಕ್ಕಾಗದ ಹಾಗೆ ಮಾಡಿ, ಮತ್ತೆ ಅವರಿಗೇ ಕೊಡಬೇಕು. ಕರೆಂಟ್ ಹೋಗಿ ಸೈಬರ್ ಅಂಗಡಿ ಬಾಗಿಲು ಹಾಕಿದ್ದರೆ ಅರ್ಜಿ ಇಲ್ಲ. ಅರ್ಜಿ ಇಲ್ಲದಿದ್ದರೆ ಅವರ ಪಟ್ಟಿಯಲ್ಲಿ ನಿಮ್ಮ ತೋಟಕ್ಕೆ ಮಳೆಯೇ ಬಂದಿಲ್ಲ.