ಹಗೇವು ಕಾಕಾನ ಕೋಡ್ ಭಂಡಾರ

ಹಿಂಜವಡಿ ಫೇಸ್ ತ್ರೀಯಿಂದ ಹೊರಟ ಕಂಪನಿ ಬಸ್ಸು ಭೂಮ್ಕರ್ ಚೌಕಿನ ಹತ್ರ ಬಂದು ಬೇರು ಬಿಟ್ಟಂಗ ನಿಂತಿರ್ತದಲ್ಲ, ಆ ಹೊತ್ತಿನ್ಯಾಗ ನಮ್ಮ ವಾಟ್ಸಾಪ್ ಗ್ರೂಪಿಗೆ ಜೀವ ಬರ್ತದ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಕಡೆಯಿಂದ ಪುಣೆಕ್ಕ ಬಂದು ಕೋಡ್ ಬರಿಯೂ ಮಂದಿ ಗ್ರೂಪದು. ಮೊದಲ ಚೌತಿಗೆ ಊರಿಗೆ ಹೋಗಾಕ ಬಸ್ ಟಿಕೆಟ್ ಎಲ್ಲಿ ಅದ ಅಂತ ಕೇಳಾಕ ಮಾಡಿದ್ದು, ಈಗ ಅದರಾಗ ಟಿಕೆಟ್ ಕೇಳಿದ್ರೂ ಒಂದು ಸ್ನಿಪೆಟ್, ಅಂದ್ರ ಕೋಡಿನ ತುಣುಕು, ಸಿಗ್ತದ.

"ಭಾಳ ಯೂಸ್‌ಫುಲ್ ಅದ, ಸೇವ್ ಮಾಡಿಟ್ಕೋರಿ" ಅಂತ ಒಬ್ರು ಹಾಕ್ತಾರ, ಎರಡು ನಿಮಿಷದಾಗ ಮೂವತ್ತು ಥಂಬ್ಸ್ ಅಪ್. ಓದಿದವರು ಯಾರೂ ಇಲ್ಲ. ಹೆಂಗ ಗೊತ್ತು ಅಂದ್ರ, ಅದು ಮಾನಿಟರಿಗೆ ಮೊಬೈಲ್ ಹಿಡಿದು ತಗದ ಫೋಟೋ, ಮ್ಯಾಲೆ ಟ್ಯೂಬ್‌ಲೈಟಿನ ಗೆರಿ, ಮೂಲ್ಯಾಗ ಚಾದ ಕಪ್ಪು, ಏಳನೇ ಸಾಲು ಪೂರ್ತಿ ಯಾರದೋ ಹೆಬ್ಬೆರಳಿನ ಹಿಂದ. ಟೈಪ್ ಮಾಡಿ ಹಾಕ್ರಪಾ ಅಂದ್ರ ಇನ್ನೊಂದು ಫಜೀತಿ, ನಕ್ಷತ್ರದ ಗುರುತು ಆಚೀಚೆ ಎರಡು ಕಂಡ್ರ ವಾಟ್ಸಾಪು ನಡುವಿಂದು ದಪ್ಪ ಮಾಡಿ ಗುರುತನ್ನ ನುಂಗಿ ಬಿಡ್ತದ, ಫೋನಿನ ಕೀಬೋರ್ಡು ನೆಟ್ಟಗಿದ್ದ ಕೋಟ್ ಗುರುತಿಗೆ ಕೊಂಬು ಮೂಡಿಸ್ತದ, ಅದನ್ನ ತಂದು, ಕೋಡನ್ನ ಯಂತ್ರದ ಭಾಷೆಗೆ ತಿರುಗಿಸೂ ಕಂಪೈಲರಿಗೆ ಕೊಟ್ರ ಅದು ಅತ್ತಿ ಬೈದಂಗ ಬೈತದ.

ಈ ಗ್ರೂಪಿನ ಹಿರೇರಿಗೆ ನಾವು ಹಗೇವು ಕಾಕಾ ಅಂತೀವಿ. ನಮ್ಮ ಕಡೆ ನೆಲದಾಗ ತೋಡಿ ಜೋಳ ತುಂಬಿ ಬಾಯಿ ಮುಚ್ಚೂ ಹಗೇವು ಇತ್ತಲ್ರಿ, ಅದು ಇವರ ಲ್ಯಾಪ್‌ಟಾಪಿನ್ಯಾಗ ಅದ. ಗಿಸ್ಟು, ಬುಕ್‌ಮಾರ್ಕು, ತಮಗ ತಾವ ಕಳಿಸ್ಕೊಂಡ ಮೇಲು, ಸೇವ್ ಮಾಡದ ನಲವತ್ತು ನೋಟ್‌ಪ್ಯಾಡ್ ಟ್ಯಾಬು. ಒಮ್ಮೆ ಕೇಳ್ದೆ.

"ಕಾಕಾ, ತಾರೀಖು ಫಾರ್ಮ್ಯಾಟ್ ಮಾಡೂದು ಅದ ಏನ್ರಿ?"

"ಒಂದಲ್ಲಪಾ, ಹದಿನಾಲ್ಕು ಅದಾವ."

"ಯಾವುದು ಸರಿ ಅದ?"

"ಅದು ನೀ ನೋಡ್ಕೋಬೇಕು. ನಾ ಕೂಡಿಸಿ ಇಡಾಂವ."

ಹಗೇವು ತಗದ ಕೂಡ್ಲೆ ಒಳಗ ಇಳೀಬ್ಯಾಡ್ರಿ, ಕೆಟ್ಟ ಗಾಳಿ ಇರ್ತದ ಅಂತ ಹಿಂದಿನವರು ಹೇಳ್ತಿದ್ರು, ಇಲ್ಲೂ ಅಷ್ಟ. ಮೈಕ್ರೋಸಾಫ್ಟ್‌ನವರು 2022ರಾಗ ತಮ್ಮ ಹಳೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಕೈ ಮುಗಿದು ಕಳಿಸಿದ್ರು, ಕಾಕಾನ ಹಗೇವಿನ್ಯಾಗ ಮಾತ್ರ ಅದರ ಆರನೇ ಅವತಾರದಾಗ ಪಿಎನ್‌ಜಿ ಚಿತ್ರದ ಹಿಂದಿನ ಬೂದಿಬಣ್ಣ ಹೋಗಸೂ ಮಂತ್ರ ಇನ್ನೂ ಬೆಚ್ಚಗ ಕೂತದ. ಮಜಾ ಅಂದ್ರ ಕಾಕಾಗ ಕೆಲಸಕ್ಕ ಏನರ ಬೇಕಾದ್ರ ಗೂಗಲ್‌ನ್ಯಾಗ ಹುಡುಕ್ತಾರ, ಸಿಕ್ಕದ್ದನ್ನ ಹದಿನೈದನೇದು ಅಂತ ಹಗೇವಿಗೆ ಹಾಕ್ತಾರ.

ಇದು ಬರೇ ನಮ್ಮ ಗ್ರೂಪಿನ ಖಾಯಿಲೆ ಅಂತ ತಿಳ್ಕೋಬ್ಯಾಡ್ರಿ. ಬೈಟು ಲೆಕ್ಕಾನ ಕೆಬಿ, ಎಂಬಿ ಅಂತ ಮನುಷ್ಯರಿಗೆ ತಿಳಿಯೂ ಹಂಗ ತೋರಸೂ ಒಂದು ಜಾವಾ ಸ್ನಿಪೆಟ್ಟು 2010ರಾಗ, ಕೋಡ್ ಬರಿಯೂ ಮಂದಿ ಪ್ರಶ್ನೆ ಕೇಳಿ ಉತ್ತರ ಪಡಿಯೂ ತಾಣ ಸ್ಟ್ಯಾಕ್ ಓವರ್‌ಫ್ಲೋದಾಗ ಬಂತು. ಅಲ್ಲಿಂದ ಹೆಚ್ಚು ಎತ್ತಿದ ಜಾವಾ ತುಣುಕು ಅದ ಅಂತ ಮುಂದ ಸಂಶೋಧಕರು, ಮಂದಿ ತಮ್ಮ ಕೋಡ್ ತಂದಿಡೂ ತಾಣ ಗಿಟ್‌ಹಬ್ ಜಾಲಾಡಿ ಲೆಕ್ಕ ಹಾಕಿದ್ರು. 2019ರಾಗ ಅದನ್ನ ಬರೆದ ಪುಣ್ಯಾತ್ಮನ ಬಂದು "ನನ್ನ ಕೋಡಿನ್ಯಾಗ ತಪ್ಪದ" ಅಂದ. 9,99,999 ಬೈಟು ಕೊಟ್ರ 1 ಎಂಬಿ ಅನ್ನೋ ಬದಲಿ 1000 ಕೆಬಿ ಅಂತಿತ್ತದು. ಒಂಬತ್ತು ವರ್ಷ ಸಾವಿರಾರು ಪ್ರಾಜೆಕ್ಟಿನ ಮಂದಿ ಕಣ್ಣೀಗೊತ್ತಿ ಪೇಸ್ಟ್ ಮಾಡಿದ್ದು! ಸ್ಟ್ಯಾಕ್ ಓವರ್‌ಫ್ಲೋದವರು 2021ರಾಗ ಏಪ್ರಿಲ್ ಒಂದಕ್ಕ ಬರೇ ಕಾಪಿ-ಪೇಸ್ಟಿಗಂತ ಮೂರು ಕೀಲಿ ಇರೂ ಕೀಬೋರ್ಡು ತಂದೀವಿ ಅಂತ ಚ್ಯಾಷ್ಟಿ ಮಾಡಿದ್ರು, ಮಂದಿ ಬಿಡಲಿಲ್ಲ, ಅದೇ ವರ್ಷ ಖರೇನ ಮಾಡಿ ಮಾರಬೇಕಾತು.

ಅಲ್ಲಿಂದ ಕೋಡ್ ತಗೊಂಡ್ರ ಬರೆದವರ ಹೆಸರು ಹಾಕಬೇಕು ಅಂತ ಲೈಸೆನ್ಸಿನ್ಯಾಗ ಅದ. ಹಾಕೂದು ಯಾರು? ವಾಕಡದ ನಮ್ಮ ಸೊಸೈಟಿಯೊಳಗ ಹೆಪ್ಪು ತಿರುಗಿದಂಗ ತಿರುಗ್ತದ ಇದು. ಬಿ ವಿಂಗಿನ ವೈನಿ ನಮ್ಮನಿಂದ ಒಯ್ತಾರ, ಅವರ ಕಡಿಂದ ಸಿ ವಿಂಗಿಗೆ ಹೋಗ್ತದ, ನಮ್ಮದು ಮುಗಿದ ದಿನ ನಾವ ಸಿ ವಿಂಗಿಗೆ ಬಟ್ಟಲ ಹಿಡ್ಕೊಂಡು ಹೋಗ್ತೀವಿ. ಮೊಸರು ಹುಳಿ ಆದ್ರ ಯಾರನ್ನ ಬೈಯೂದು?

ಹೋದ ವಾರ ಹಂಗ ಒಂದು ಬಟ್ಟಲ ಬಂತು. ಎರಡು ಬಾಣದ ಗುರುತಿನ ಫಾರ್ವರ್ಡು, "ಪ್ರೊಡಕ್ಷನ್ ಟೆಸ್ಟೆಡ್" ಅಂತ ತಲಿಬರಹ. ಹೋದ ವರ್ಷದ ಇದೇ ತಾರೀಖು ತಗಿಯೂ ಫಂಕ್ಷನ್. ನೋಡ್ತೀನಿ, ಒಳಗ ವೇರಿಯಬಲ್ಲಿನ ಹೆಸರು 'ಗಿರ್ಮಿಟ್'. ಎದಿ ಧಸಕ್ ಅಂತು. ಹಳೇ ಕಂಪನಿಯೊಳಗ 2017ರಾಗ ರಾತ್ರಿ ಎರಡಕ್ಕ ಹಸಿದು ಕೂತು ನಾ ಬರೆದದ್ದದು, ಹೆಸರು ಹೊಳೀಲಿಲ್ಲ, ಊರಿನ ಗಿರ್ಮಿಟ್ ನೆನಪಾತು, ಇಟ್ಟೆ. 'ಸದ್ಯಕ್ಕ ಅಷ್ಟ, ನಾಳೆ ಸರಿ ಮಾಡಬೇಕು' ಅಂತ ಕಮೆಂಟೂ ಹಾಕಿದ್ದೆ. ಅದರ ಕೆಳಗ ಈಗ ಯಾರೋ 'ಇದನ್ನ ಮುಟ್ಟಬಾರದು' ಅಂತ ಬರೆದಾರ.

ಇಸವಿಯೊಳಗಿಂದ ಒಂದು ಕಳೀತದ ಅಷ್ಟ, ಫೆಬ್ರುವರಿ 29 ಬಂತಂದ್ರ ಇಲ್ಲದ ತಾರೀಖು ಹಿಡ್ಕೊಂಡು ಕೂಡ್ತದ. ಗ್ರೂಪಿನ್ಯಾಗ ಹೇಳ್ದೆ, 2012ರ ಫೆಬ್ರುವರಿ 29ಕ್ಕ ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ ಅಜೂರ್ ಬಿದ್ದದ್ದೂ ಇಂಥಾದಕ್ಕ, ಅಲ್ಲಿ ಇಸವಿಗೆ ಒಂದು ಕೂಡಿಸಿದ್ರು, ನಾ ಕಳದೀನಿ ಅಂತ.

"ಬಿದ್ರ ಬೀಳಲಿ ಬಿಡಪಾ, ನಾಕ ವರ್ಷಕ್ಕೊಮ್ಮೆ ಅಲ್ಲ?" ಅಂದ್ರು ಕಾಕಾ. "ನನ್ನ ಹತ್ರ ಇದರದು ಇನ್ನೂ ಎರಡು ವರ್ಶನ್ ಅದಾವ, ಕಳಿಸ್ಲೇನು?"

ಕಳಿಸಿದ್ರು. ಒಂದರಾಗ ಯಾವುದೋ ಟೀಮಿನ ಮರಾಠಿ ಹುಡುಗ್ರು ಡಾಕ್ಯುಮೆಂಟೇಶನ್ನೂ ಬರೆದಿದ್ರು. ಮರಾಠಿಯೊಳಗ ಗಿರ್ಮಿಟ್ ಅಂದ್ರ ಬಡಿಗ್ಯಾರು ಕಟಗಿಗೆ ತೂತು ಕೊರಿಯೂ ಸಾಮಾನು. ಹಂಗಾಗಿ, 'ಗಿರ್ಮಿಟ್: ಡೇಟಾದೊಳಗ ಆಳಕ್ಕ ಕೊರಿಯೂ ವಿಶೇಷ ವಿಧಾನ.'

ಅಲ್ರೀ, ಅದು ಚುರುಮುರಿ, ಉಳ್ಳಾಗಡ್ಡಿ ಅಂತ ಟೈಪ್ ಮಾಡಾಕತ್ತಿದ್ದೆ, ಅಷ್ಟರಾಗ ಮೂವತ್ತು ಥಂಬ್ಸ್ ಅಪ್ ಬಿದ್ದು ಹೋಗಿದ್ವು. ಬಸ್ಸೂ ಹೊರಟಿತ್ತು. ನಂದೂ ಒಂದು ಒತ್ತಿ ಸೇವ್ ಮಾಡಿಟ್ಕೊಂಡೆ.